ಯುವಜನರ ಆತ್ಮಪರಿಚಯ ಮತ್ತು ಸಮಾಜ



“ನಾನು ಯಾರು?” ಎಂಬುದು ಪ್ರತಿಯೊಬ್ಬ ತರುಣನೂ ಏಕಾಂತದಲ್ಲಿ ಕೇಳಿಕೊಳ್ಳುವ ಪ್ರಶ್ನೆ. ಆದರೆ ಏಕಾಂತದಲ್ಲೇ ಅದಕ್ಕೆ ಉತ್ತರ ದೊರೆಯದು. ತಂದೆತಾಯಿಗಳು, ಉಪಾಧ್ಯಾಯರು, ನೆರೆಹೊರೆಯವರು ತನ್ನನ್ನು ಏನೆಂದು ಕರೆಯುವರೋ ಅದರಿಂದಲೇ ಅವನ ಆತ್ಮಪರಿಚಯದ ಬಹುಭಾಗ ರೂಪುಗೊಳ್ಳುತ್ತದೆ.

ಇದನ್ನು ಮನೋವಿಜ್ಞಾನಿ ಎರಿಕ್ ಎರಿಕ್ಸನ್ ಸ್ವಂತ ಬಾಳಿನಲ್ಲೇ ಕಂಡವರು. 1902ರಲ್ಲಿ ಜರ್ಮನಿಯಲ್ಲಿ ಜನಿಸಿದ ಅವರಿಗೆ ಹೆತ್ತ ತಂದೆ ಯಾರೆಂದು ಕಡೆಗೂ ತಿಳಿಯಲಿಲ್ಲ. ಶಾಲೆಯಲ್ಲಿ ಅವರನ್ನು ಯೆಹೂದ್ಯನೆಂದು ಹಳಿದರು. ಯೆಹೂದ್ಯರ ಮಂದಿರದಲ್ಲಿ ಪರಕೀಯನೆಂದು ಹಾಸ್ಯಮಾಡಿದರು. ಅರೆಬರೆ ಮನುಷ್ಯನಾಗಿ ಉಳಿಯುವುದಕ್ಕಿಂತ ಪೂರ್ತಿ ಕೆಟ್ಟವನಾಗುವುದೇ ಲೇಸೆಂದು ಎಷ್ಟೋ ತರುಣರು ಭಾವಿಸುವರೆಂದು 1968ರ ತಮ್ಮ ಗ್ರಂಥದಲ್ಲಿ ಅವರು ಎಚ್ಚರಿಸಿದರು. ‘ಪುಂಡ’ ಎಂಬುದೂ ಒಂದು ಹೆಸರೇ! ಬೇರೆ ಹೆಸರು ದೊರೆಯದವನು ಅದನ್ನೇ ಬಿಗಿಯಾಗಿ ಹಿಡಿಯುತ್ತಾನೆ; ಅದನ್ನು ಮೆಚ್ಚುವ ಗುಂಪನ್ನು ಅರಸಿ ಹೋಗುತ್ತಾನೆ.

ನಮ್ಮ ಕಾನೂನೂ ಇದನ್ನು ಮೆಲ್ಲನೆ ಮನಗಂಡಿತು. 1986ರ ಬಾಲನ್ಯಾಯ ಕಾಯ್ದೆಯಲ್ಲಿ ‘ಬಾಲಾಪರಾಧಿ’ ಆಗಿದ್ದವನು 2015ರ ಕಾಯ್ದೆಯಲ್ಲಿ ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು’ ಆದನು. ಕಳಂಕ ಹಚ್ಚುವ ಮಾತನ್ನು ಬಳಸಕೂಡದೆಂಬುದು ಆ ಕಾಯ್ದೆಯ ಮೂಲತತ್ತ್ವಗಳಲ್ಲೊಂದು. ನಮ್ಮ ಮನೆಯ ಜಗಲಿಗೆ ಮಾತ್ರ ಆ ತತ್ತ್ವ ಇನ್ನೂ ತಲುಪಿಲ್ಲ.

ಸಂತ ಜಾನ್ ಬೋಸ್ಕೊ ತಮ್ಮ ನೆನಪುಗಳಲ್ಲಿ ಬರೆದಿಟ್ಟಿರುವ ಸಂಗತಿಯೊಂದನ್ನು ಸ್ಮರಿಸೋಣ. 1841ರ ಡಿಸೆಂಬರ್ 8ರಂದು, ಇಟಲಿಯ ಟ್ಯೂರಿನ್ ನಗರದ ದೇವಾಲಯವೊಂದರಲ್ಲಿ, ಪೂಜೆಗೆ ನೆರವಾಗಲು ಬಾರದ ಹುಡುಗನೊಬ್ಬನನ್ನು ಪರಿಚಾರಕನು ಹೊಡೆದೋಡಿಸಿದನು. ಅವನು ಹದಿನಾರರ ಅನಾಥ, ಓದುಬರಹ ಅರಿಯದವನು. “ಅವನು ನನ್ನ ಸ್ನೇಹಿತ, ಕರೆದು ತಾ” ಎಂಬುದೇ ಆಗ ತರುಣ ಗುರುವಾಗಿದ್ದ ಬೋಸ್ಕೊ ಅವರ ಮಾತಿನ ಭಾವ. ಅದುವರೆಗೆ ಅವರು ಅವನನ್ನು ಕಂಡವರೇ ಅಲ್ಲ! ಒಂದೇ ದೇವಾಲಯ, ಅದೇ ಹುಡುಗ. ಕರೆದ ಹೆಸರು ಮಾತ್ರ ಬೇರೆಯಾಯಿತು. ಬೋಸ್ಕೊ ಅವರ ಯುವಜನಸೇವೆಗೆ ಅಂದೇ ನಾಂದಿಯಾಯಿತು.

ಹಾಗಾದರೆ ತಪ್ಪನ್ನು ತಪ್ಪೆನ್ನಬಾರದೆ? ಖಂಡಿತ ಅನ್ನಬೇಕು. ತನ್ನ ಕೃತ್ಯಕ್ಕೆ ತಾನೇ ಹೊಣೆಯೆಂದು ಅರಿಯದವನು ತನ್ನನ್ನು ಅರಿತವನಲ್ಲ. ಕಳವನ್ನು ಕಳವೆಂದೇ ಹೇಳೋಣ. ಆದರೆ ಹುಡುಗನಿಗೆ ‘ಕಳ್ಳ’ನೆಂದು ಶಾಶ್ವತವಾಗಿ ಹೆಸರಿಡುವ ಮುನ್ನ ನಾಲಗೆಯನ್ನು ತಡೆಯೋಣ.

ಬಂಧುಗಳೆ, ಭಾನುವಾರ ಪೂಜೆಯ ಹೊತ್ತಿನಲ್ಲಿ ಗುಡಿಯ ಹೊರಗೇ ನಿಂತಿರುವ ತರುಣರನ್ನು ನಾವೆಲ್ಲ ಬಲ್ಲೆವು. ಅವರಿಗೆ ನಾವಿಟ್ಟ ಅಡ್ಡಹೆಸರುಗಳನ್ನೂ ಬಲ್ಲೆವು. ಜ್ಞಾನಸ್ನಾನದ ದಿನ ಧರ್ಮಸಭೆ ಅವರನ್ನು ಬೇರೊಂದು ಹೆಸರಿನಿಂದ ಕರೆದಿತ್ತು. ಈ ಶತಮಾನೋತ್ಸವದ ವರ್ಷ ಆ ಹೆಸರನ್ನು ಕೇಳಿ ತಿಳಿದು, ಅದರಿಂದಲೇ ಅವರನ್ನು ಒಳಗೆ ಕರೆಯೋಣ.