ವಾಕ್ಸ್ವಾತಂತ್ರ್ಯವೂ ಅದರ ಮೇರೆಯೂ

“ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು” ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿದ್ದೇವೆ. ಆಡುವವನು ತನ್ನ ನಾಲಗೆಗೆ ತಾನೇ ಕಡಿವಾಣ ಹಾಕಿಕೊಳ್ಳಬೇಕೆಂಬುದು ಅದರ ತಾತ್ಪರ್ಯ. ಇದು ಶೀಲಕ್ಕೆ ಸೇರಿದ ಕಟ್ಟಳೆ. ಆದರೆ ಆ ಕಡಿವಾಣವನ್ನು ಪ್ರಭುತ್ವವು ತನ್ನ ಕೈಗೆ ತೆಗೆದುಕೊಳ್ಳುವುದು ಎಲ್ಲಿ ಯುಕ್ತ, ಎಲ್ಲಿ ಅಯುಕ್ತ? ಇದು ಬೇರೆಯೇ ಪ್ರಶ್ನೆ. ಈ ಹೊತ್ತು ನಾವು ವಿಚಾರಮಾಡಬೇಕೆಂದಿರುವುದು ಇದನ್ನೇ.

ಮೊದಲು ಅರ್ಥವನ್ನು ನಿಶ್ಚಯಿಸಿಕೊಳ್ಳೋಣ. ಎಲ್ಲರಿಗೂ ಪ್ರಿಯವಾದ ಮಾತಿಗೆ ರಕ್ಷಣೆ ಬೇಕಾಗಿಲ್ಲ. ಸ್ತುತಿಪಾಠಕನಿಗೆ ಸೆರೆಮನೆಯ ಭಯವಿಲ್ಲ. ಆದುದರಿಂದ ವಾಕ್ಸ್ವಾತಂತ್ರ್ಯವೆಂದರೆ ಅಪ್ರಿಯವಾದುದನ್ನು ನುಡಿಯುವ ಸ್ವಾತಂತ್ರ್ಯವೇ ಸರಿ. ಇದು ನುಡಿಯುವವನ ಹಕ್ಕು ಮಾತ್ರವಲ್ಲ, ಕೇಳುವವರ ಹಕ್ಕೂ ಹೌದು. ಇಂಗ್ಲೆಂಡಿನ ತತ್ತ್ವಜ್ಞನಾದ ಜಾನ್ ಸ್ಟೂಅರ್ಟ್ ಮಿಲ್ಲನು 1859ರಲ್ಲಿ ಪ್ರಕಟಿಸಿದ ಸ್ವಾತಂತ್ರ್ಯವಿಚಾರದ ಗ್ರಂಥದಲ್ಲಿ ಇದನ್ನು ವಿಶದಪಡಿಸಿದ್ದಾನೆ. ಅಡಗಿಸಿದ ಅಭಿಪ್ರಾಯವು ಸತ್ಯವಾಗಿದ್ದರೆ ನಮ್ಮ ತಪ್ಪನ್ನು ತಿದ್ದಿಕೊಳ್ಳುವ ಅವಕಾಶವನ್ನು ಕಳೆದುಕೊಳ್ಳುತ್ತೇವೆ; ಅದು ಮಿಥ್ಯೆಯಾಗಿದ್ದರೂ, ಅದರೊಡನೆ ಸೆಣಸಿ ನಮ್ಮ ಸತ್ಯವನ್ನು ಸ್ಪಷ್ಟಪಡಿಸಿಕೊಳ್ಳುವ ಲಾಭವನ್ನು ಕಳೆದುಕೊಳ್ಳುತ್ತೇವೆ.

ಹಾಗಾದರೆ ಮೇರೆಯೇ ಇಲ್ಲವೆ? ಉಂಟು. ಅದಕ್ಕೂ ಮಿಲ್ಲನೇ ನಿದರ್ಶನ ಕೊಟ್ಟಿದ್ದಾನೆ. ದವಸದ ವರ್ತಕರು ಬಡವರನ್ನು ಉಪವಾಸಕ್ಕೆ ದೂಡುತ್ತಿದ್ದಾರೆಂದು ಪತ್ರಿಕೆಯಲ್ಲಿ ಬರೆದರೆ ಅದನ್ನು ತಡೆಯಲಾಗದು. ಅದೇ ಮಾತನ್ನು ವರ್ತಕನೊಬ್ಬನ ಮನೆಯ ಮುಂದೆ ಕೆರಳಿ ನಿಂತ ಗುಂಪಿಗೆ ಹೇಳಿದರೆ ಅದು ದಂಡನಾರ್ಹ. ಮಾತು ಬದಲಾಗಲಿಲ್ಲ, ಮಾತಿಗೂ ಕೇಡಿಗೂ ನಡುವೆ ಇದ್ದ ಅಂತರ ಬದಲಾಯಿತು. ಪತ್ರಿಕೆಯನ್ನು ಓದಿದವನಿಗೆ ಯೋಚಿಸಲು ವೇಳೆಯುಂಟು, ಪ್ರತ್ಯುತ್ತರಕ್ಕೆ ಅವಕಾಶವುಂಟು. ಬಾಗಿಲ ಮುಂದಿನ ಗುಂಪಿಗೆ ಅವೆರಡೂ ಇಲ್ಲ.

ಈ ಅಂತರವನ್ನು ಮರೆತರೆ ಒಳ್ಳೆಯ ಉಪಮೆಯೂ ಅನ್ಯಾಯಕ್ಕೆ ಸಾಧನವಾಗುತ್ತದೆ. ನಾಟಕಶಾಲೆಯಲ್ಲಿ ಸುಳ್ಳಾಗಿ ‘ಬೆಂಕಿ’ ಎಂದು ಕೂಗಿ ದಿಗಿಲು ಹುಟ್ಟಿಸುವ ಹಕ್ಕು ಯಾರಿಗೂ ಇಲ್ಲವೆಂಬ ಮಾತು ಲೋಕಪ್ರಸಿದ್ಧ. ಇದನ್ನು 1919ರಲ್ಲಿ ಅಮೆರಿಕದ ನ್ಯಾಯಮೂರ್ತಿ ಹೋಮ್ಸ್ ಹೇಳಿದರು. ಆದರೆ ಅವರ ಮುಂದೆ ನಿಂತಿದ್ದವನು ಯಾವ ನಾಟಕಶಾಲೆಯಲ್ಲಿಯೂ ಕೂಗಿದವನಲ್ಲ; ಕಡ್ಡಾಯವಾದ ಸೈನ್ಯಭರ್ತಿಯನ್ನು ವಿರೋಧಿಸಿ ಕರಪತ್ರ ಹಂಚಿಸಿದವನು. ಆತನ ಶಿಕ್ಷೆ ಸ್ಥಿರವಾಯಿತು. ಅದೇ ವರ್ಷ ಇನ್ನೊಂದು ಮೊಕದ್ದಮೆಯಲ್ಲಿ ಹೋಮ್ಸರೇ ಕರಪತ್ರಗಾರರ ಪರವಾಗಿ ಭಿನ್ನಮತವನ್ನು ಬರೆದರು.

ನಮ್ಮ ನಾಡೂ ಇದಕ್ಕೆ ಹೊರತಾಗಿರಲಿಲ್ಲ. 1908ರಲ್ಲಿ ಬಾಲಗಂಗಾಧರ ತಿಲಕರು ತಮ್ಮ ಲೇಖನಗಳಿಗಾಗಿ ರಾಜದ್ರೋಹದ ಆಪಾದನೆಗೆ ಗುರಿಯಾಗಿ ಆರು ವರ್ಷದ ಶಿಕ್ಷೆಯನ್ನು ಪಡೆದರು. ಅದೇ ವರ್ಷ ಮೈಸೂರು ಸಂಸ್ಥಾನದಲ್ಲಿ, ಸರ್ಕಾರದ ಅನುಮತಿಯಿಲ್ಲದೆ ಪತ್ರಿಕೆ ನಡೆಸಕೂಡದೆಂಬ ಕಾನೂನು ಜಾರಿಗೆ ಬಂದಿತು. ಕೆಲವು ಪತ್ರಿಕೆಗಳು ನಿಂತುಹೋದವು. ಆಡಿದ ಮಾತಿನಿಂದ ಕೇಡಾಯಿತೆ ಎಂದು ಕೇಳುವುದು ಒಂದು ವಿಧ. ಆಡುವುದಕ್ಕೆ ಮೊದಲೇ ಅಪ್ಪಣೆ ಬೇಡಬೇಕೆಂಬುದು ಮತ್ತೊಂದು. ಎರಡನೆಯದರಲ್ಲಿ ಅಂತರವನ್ನು ಅಳೆಯುವ ಪ್ರಸಂಗವೇ ಬಾರದು.

1950ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನವು 19ನೆಯ ವಿಧಿಯಲ್ಲಿ ಈ ಸ್ವಾತಂತ್ರ್ಯವನ್ನೂ ಅದರ ಮೇರೆಗಳನ್ನೂ ಜೊತೆಯಾಗಿಯೇ ಇರಿಸಿತು. 1951ರ ತಿದ್ದುಪಡಿಯು ನಿರ್ಬಂಧದ ಕಾರಣಗಳನ್ನು ಹೆಚ್ಚಿಸಿತು. ಆದರೆ ನಿರ್ಬಂಧವು ಯುಕ್ತವಾಗಿರಬೇಕೆಂಬ ಮಾತನ್ನೂ ಸೇರಿಸಿತು. ಈ ಒಂದು ಮಾತಿನ ಬೆಲೆ ದೊಡ್ಡದು. ಮನಸ್ಸಿಗೆ ಕಿರಿಕಿರಿಯುಂಟುಮಾಡುವ ಸಂದೇಶವನ್ನೂ ಅಪರಾಧವೆಂದು ಎಣಿಸಿದ್ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಪ್ರಕರಣವನ್ನು ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ರದ್ದುಮಾಡಿತು. ಚರ್ಚೆ, ಪ್ರತಿಪಾದನೆ, ಪ್ರಚೋದನೆ ಎಂದು ಮಾತನ್ನು ಮೂರಾಗಿ ವಿಂಗಡಿಸಿ, ಮೊದಲಿನೆರಡು ಎಷ್ಟೇ ಅಪ್ರಿಯವಾದರೂ ಈ ಸ್ವಾತಂತ್ರ್ಯದ ಹೃದಯವೆಂದೂ, ಮೂರನೆಯದನ್ನು ಮುಟ್ಟಿದಾಗಲೇ ನಿರ್ಬಂಧಕ್ಕೆ ಎಡೆಯೆಂದೂ ಹೇಳಿತು.

ನಮ್ಮ ಗಾದೆ ಇದಕ್ಕೆ ವಿರುದ್ಧವಲ್ಲ. ಒರಟು ಮಾತನ್ನು ಸಭ್ಯನು ಆಡಲಾರ. ಆಡಿದವನನ್ನು ಸಮಾಜವು ಖಂಡಿಸಬಹುದು. ಆದರೆ ಖಂಡಿಸಬಹುದಾದುದೆಲ್ಲವೂ ದಂಡಿಸಬೇಕಾದುದಲ್ಲ. ಮುಂದೆ ಯಾವುದಾದರೊಂದು ಮಾತು ನಮ್ಮನ್ನು ಕೆರಳಿಸಿ, ಅದನ್ನು ಅಡಗಿಸಿರೆಂದು ಕೂಗಬೇಕೆನಿಸಿದಾಗ ನಮ್ಮನ್ನು ನಾವು ಕೇಳಿಕೊಳ್ಳೋಣ: ಯಾರದಾದರೂ ಬಾಗಿಲ ಮುಂದೆ ಗುಂಪು ನಿಂತಿದೆಯೆ, ಅಥವಾ ನೊಂದಿರುವುದು ನಮ್ಮ ಅಭಿಮಾನವೊಂದೆಯೆ?