ಬ್ಲಫ್‌ನ ವಿದ್ಯುತ್ತು ಹೋದದ್ದೆಲ್ಲಿಗೆ?

ಗಗನಚುಕ್ಕಿ, ಭರಚುಕ್ಕಿ ನೋಡಲು ಶಿವನಸಮುದ್ರಕ್ಕೆ ಹೋದವರಲ್ಲಿ ಹೆಚ್ಚಿನವರು ಜಲಪಾತದ ಫೋಟೋ ತೆಗೆದುಕೊಂಡು ಮರಳುತ್ತಾರೆ. ಅಲ್ಲೇ ಕೆಳಗೆ ಕಣಿವೆಯಲ್ಲಿ, ಬ್ಲಫ್ ಎಂದು ಕರೆಯುವ ಜಾಗದಲ್ಲಿರುವ ವಿದ್ಯುದಾಗಾರದ ಕಡೆ ಕಣ್ಣು ಹಾಯಿಸುವವರು ಕಡಿಮೆ.

ಅಲ್ಲಿನ ಕೆಲಸ ಸರಳ. ಜಲಪಾತಕ್ಕಿಂತ ಮೇಲೆಯೇ ಕಾವೇರಿಯ ಒಂದಷ್ಟು ನೀರನ್ನು ಕಾಲುವೆಗೆ ತಿರುಗಿಸುತ್ತಾರೆ. ಆ ನೀರು ದಪ್ಪ ಕಬ್ಬಿಣದ ಕೊಳವೆಗಳಲ್ಲಿ ಕಡಿದಾದ ಇಳಿಜಾರಿನಲ್ಲಿ ಧುಮುಕಿ ಟರ್ಬೈನನ್ನು ತಿರುಗಿಸುತ್ತದೆ. ಅದರ ಜೊತೆ ಜನರೇಟರೂ ತಿರುಗುತ್ತದೆ. ಕೆಲಸ ಮುಗಿಸಿದ ನೀರು ಮತ್ತೆ ಹೊಳೆಗೆ. ಒಂದು ಹನಿಯೂ ಸುಟ್ಟುಹೋಗುವುದಿಲ್ಲ.

1902ರ ಜೂನ್‌ನಲ್ಲಿ ಇಲ್ಲಿಂದ ಹೊರಟ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಆ ಕಾಲಕ್ಕೆ ಅಷ್ಟು ಉದ್ದದ ತಂತಿ ಎಳೆಯುವುದೇ ಸಾಹಸ. ಯೋಜನೆಯ ಬೆನ್ನಿಗೆ ನಿಂತಿದ್ದ ಮೈಸೂರಿನ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. ಇದೇ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರಲ್ಲಿ.

ಬೇಸಿಗೆಯಲ್ಲಿ ಹೊಳೆ ಸೊರಗಿದರೆ ಗಣಿಗೂ ತೊಂದರೆ. ಹೊಳೆಯ ಮೇಲ್ಭಾಗದಲ್ಲಿ ನೀರು ಹಿಡಿದಿಡುವ ಕನ್ನಂಬಾಡಿ ಕಟ್ಟೆ ಕಟ್ಟಲು ಗದ್ದೆಯ ನೀರಿನಷ್ಟೇ ಈ ಚಿಂತೆಯೂ ಕಾರಣವಾಯಿತು ಎಂಬುದನ್ನು ನಾವು ಮರೆತೇಬಿಟ್ಟಿದ್ದೇವೆ.

ನನ್ನನ್ನು ಕಾಡುವುದು ಇನ್ನೊಂದು ಮಾತು. ಗಣಿಯ ಯಂತ್ರ ತಿರುಗಿತು, ಪೇಟೆ ಬೆಳಗಿತು. ಬ್ಲಫ್‌ನ ಆಸುಪಾಸಿನ ಹಳ್ಳಿಗಳವರು ಮಾತ್ರ ತಲೆಯ ಮೇಲೆ ಹಾದುಹೋಗುವ ತಂತಿ ನೋಡುತ್ತ ಸೀಮೆಎಣ್ಣೆ ಬುಡ್ಡಿ ಹಚ್ಚಿಕೊಂಡೇ ಬಹುಕಾಲ ಕಳೆದರು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಶಿವನಸಮುದ್ರದ ವಿದ್ಯುತ್ತು ಈಗ ರಾಜ್ಯದ ಜಾಲಕ್ಕೆ ಸೇರುತ್ತದೆ, ಅಲ್ಲಿಂದ ಯಾರ ಮನೆಗೆ ಬೇಕಾದರೂ ಹೋಗಬಹುದು.