ಕಿರುತರಂಗದ ಗೆಳೆಯರೊಬ್ಬರ ನೆನಪು

(ಶಾಖಾಮಠದ ವಾರ್ಷಿಕೋತ್ಸವದ ಅಂಗವಾಗಿ ಮೈಲಾಪೂರಿನ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

ವಿದ್ವಾಂಸರು ಮಾತನಾಡಿದ ಮೇಲೆ, ಡಿಪ್ಲೊಮಾ ಮಾತ್ರ ಓದಿ ರೈಲ್ವೆಯ ಸಿಗ್ನಲ್ ವಿಭಾಗದಿಂದ ನಿವೃತ್ತನಾದ ನಾನು ಶಾಸ್ತ್ರವಿಷಯವನ್ನು ಎತ್ತುವುದು ಉಚಿತವಲ್ಲ. ಕಾರ್ಯದರ್ಶಿಗಳ ಅಪ್ಪಣೆ ಪಡೆದು, ನಿಮ್ಮಲ್ಲಿ ಅನೇಕರು ಪಂಕ್ತಿಯಲ್ಲಿ ಪಕ್ಕದಲ್ಲೇ ಕುಳಿತು ಊಟಮಾಡಿರುವ ಗೆಳೆಯರೊಬ್ಬರನ್ನು ಸ್ಮರಿಸುತ್ತೇನೆ. ತಮ್ಮ ಹೆಸರು ಎಲ್ಲಿಯೂ ಅಚ್ಚಾಗಬಾರದೆಂದು ಅವರೇ ಹೇಳಿದ್ದರಿಂದ ಹೆಸರು ಹೇಳುವುದಿಲ್ಲ.

1981ರಲ್ಲಿ ನನಗೆ ಅವರ ಪರಿಚಯವಾಯಿತು. ಕಪಾಲೀಶ್ವರ ದೇವಾಲಯದ ಪುಷ್ಕರಿಣಿಗೆ ಸಮೀಪದ ಒಂದು ಮನೆಯ ಮಹಡಿಯಲ್ಲಿ ಅವರ ವಾಸ. ಮಾಳಿಗೆಯಿಂದ ಪಕ್ಕದ ತೆಂಗಿನ ಮರಕ್ಕೆ ತಾಮ್ರದ ತಂತಿಯೊಂದನ್ನು ಕಟ್ಟಿದ್ದರು. ಕಡಲ ಗಾಳಿಗೆ ಅದು ಹಸಿರುಗಟ್ಟುತ್ತಿತ್ತು, ವರ್ಷಕ್ಕೊಮ್ಮೆ ಬದಲಿಸಲೇಬೇಕು. ಆ ತಂತಿಯ ಮೂಲಕ ಅವರು ಪ್ರಪಂಚವನ್ನೇ ಕೇಳುತ್ತಿದ್ದರು. ಈ ಪಟ್ಟಣಕ್ಕೆ ರೇಡಿಯೊ ಹವ್ಯಾಸ ಹೊಸದೇನಲ್ಲ. 1924ರಲ್ಲಿಯೇ ಸಿ.ವಿ. ಕೃಷ್ಣಸ್ವಾಮಿ ಚೆಟ್ಟಿಯವರ ಮುಂದಾಳುತನದಲ್ಲಿ ಮದ್ರಾಸ್ ಪ್ರೆಸಿಡೆನ್ಸಿ ರೇಡಿಯೊ ಕ್ಲಬ್ ಪ್ರಸಾರವನ್ನು ಆರಂಭಿಸಿತ್ತು. 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ನಿಲಯ ಸ್ಥಾಪಿಸಿದ್ದನ್ನು ಅವರು ಹೆಮ್ಮೆಯಿಂದ ಹೇಳುತ್ತಿದ್ದರು.

ತರುಣರಿಗೆ ಈ ಹವ್ಯಾಸದ ಸ್ವರೂಪವನ್ನು ತಿಳಿಸಬೇಕು. ಕಿರುತರಂಗವು ಆಕಾಶದ ಅಯಾನುಮಂಡಲದಿಂದ ಬಾಗಿ ಭೂಮಿಗೆ ಮರಳುತ್ತದೆ, ಮತ್ತೆ ಮೇಲೇರುತ್ತದೆ. ಹೀಗೆ ಸಾವಿರಾರು ಮೈಲಿ ಸಾಗುತ್ತದೆ. ಹಗಲಿನಲ್ಲಿ ಅಯಾನುಮಂಡಲದ ಕೆಳಪದರವು ಅದರ ಶಕ್ತಿಯನ್ನು ಹೀರುವುದು, ರಾತ್ರಿ ಆ ಪದರವು ಕರಗುವುದು. ಆದುದರಿಂದ ದೂರದ ನಿಲಯಗಳನ್ನು ಬಯಸುವವನು ನಿದ್ರೆ ಕೆಡಬೇಕು. ಏಕಾದಶಿಯ ಜಾಗರಣೆ ಯಾರಿಗಾಗಿ ಎಂದು ಅವರ ಮನೆಯವರು ಹಾಸ್ಯ ಮಾಡುತ್ತಿದ್ದುದೂ ಉಂಟು! ಕೇಳಿದ್ದನ್ನು ಕಾಲ, ತರಂಗ, ಕಾರ್ಯಕ್ರಮದ ವಿವರಗಳೊಡನೆ ಬರೆದು, ಧ್ವನಿಯ ಬಲ, ಅಡ್ಡಿ, ಗದ್ದಲ ಇವುಗಳಿಗೆ ಐದರೊಳಗೆ ಅಂಕವಿತ್ತು ನಿಲಯಕ್ಕೆ ಕಳುಹಿಸಿದರೆ, ಅವರು ತಾಳೆ ನೋಡಿ ಕ್ಯೂ.ಎಸ್.ಎಲ್. ಎಂಬ ಚಿತ್ರಪತ್ರವನ್ನು ಕಳುಹಿಸುತ್ತಿದ್ದರು.

ಇಲ್ಲಿ ನನ್ನ ತಪ್ಪೊಂದನ್ನು ಹೇಳಲೇಬೇಕು. ಈಕ್ವೆಡಾರ್ ದೇಶದ ಕ್ವಿಟೊ ನಗರದಲ್ಲಿ, ಸುಮಾರು 2,800 ಮೀಟರ್ ಎತ್ತರದಲ್ಲಿ, 1931ರಲ್ಲಿ ಆರಂಭವಾದ ಎಚ್.ಸಿ.ಜೆ.ಬಿ. ಎಂಬ ನಿಲಯ. ನಮ್ಮಿಂದ ಸುಮಾರು 17,000 ಕಿಲೋಮೀಟರ್ ದೂರ. 1984ರ ಒಂದು ರಾತ್ರಿ ಗೆಳೆಯರು ಅದನ್ನು ಹಿಡಿದರು. ಅವರ ದಾಖಲೆ ಪುಸ್ತಕದಲ್ಲಿದ್ದ ವಿವರವನ್ನು ನಾನು ಗುಟ್ಟಾಗಿ ನಕಲು ಮಾಡಿ, ನಾನೇ ಕೇಳಿದೆನೆಂದು ವರದಿ ಕಳುಹಿಸಿದೆ. ಪತ್ರ ಬಂತು. ಬೀಗುತ್ತ ಅವರಿಗೆ ತೋರಿಸಿದೆ. ಅವರು ದಿನಾಂಕ ನೋಡಿ, "ಆ ರಾತ್ರಿ ನೀವು ಅರಕ್ಕೋಣಂನಲ್ಲಿ ಕೆಲಸದಲ್ಲಿದ್ದಿರಲ್ಲವೆ?" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಮುಂದಿನ ಸ್ಟೇಷನ್ನಿನಿಂದ ಲೈನ್ ಕ್ಲಿಯರ್ ಬಾರದೆ ನೀವು ಗಾಡಿ ಬಿಡುತ್ತೀರಾ? ಅಲ್ಲಿಯ ಎಂಜಿನಿಯರು ನಮ್ಮ ಅಂಕಗಳನ್ನು ನಂಬಿ ಏರಿಯಲ್ ತಿರುಗಿಸುತ್ತಾನೆ" ಎಂದರು. ನನ್ನ ವೃತ್ತಿಯ ಮಾತಿನಲ್ಲಿಯೇ ಹೊಡೆತ ಬಿತ್ತು. ಆಮೇಲೆ ಐದು ತಿಂಗಳು ಮಠದಲ್ಲಿ ಎದುರಾದರೆ ಕುಶಲ ಕೇಳುತ್ತಿದ್ದರು, ರೇಡಿಯೊ ಮಾತಿಲ್ಲ. ಕೊನೆಗೆ ನಿಜಸಂಗತಿಯನ್ನು ಬರೆದು ಪತ್ರವನ್ನು ಕ್ವಿಟೊಗೆ ಹಿಂದಿರುಗಿಸಿದೆ. ಅಂಚೆಯ ರಸೀದಿಯನ್ನು ಅವರ ಮುಂದಿಟ್ಟಾಗ ಏನೂ ಹೇಳದೆ ಹೆಡ್‌ಫೋನನ್ನು ನನ್ನ ಕಡೆಗೆ ಸರಿಸಿದರು.

2004ರ ಡಿಸೆಂಬರ್ 26ರ ಸುನಾಮಿಯನ್ನು ಮೈಲಾಪೂರಿನವರು ಮರೆಯಲಾರರು. ಆಗ ಹವ್ಯಾಸಿ ರೇಡಿಯೊ ತಂಡದೊಡನೆ ಪೋರ್ಟ್ ಬ್ಲೇರ್‌ನಲ್ಲಿದ್ದ ಭಾರತಿ ಪ್ರಸಾದ್ ಅವರು, ಇತರ ಸಂಪರ್ಕವು ಕಡಿದಿದ್ದಾಗ ದ್ವೀಪದ ಸುದ್ದಿಯನ್ನು ಮುಖ್ಯಭೂಮಿಗೆ ತಲುಪಿಸಿದರು. ನನ್ನ ಗೆಳೆಯರಿಗೆ ಪ್ರೇಷಣದ ಪರವಾನಗಿ ಇರಲಿಲ್ಲ, ಕೇಳುವುದಷ್ಟೇ ಸಾಧ್ಯ. ಊಟ ಬಿಟ್ಟು ಕೇಳುತ್ತ ಕುಳಿತರು. ಉತ್ತರಿಸಲಾರದ ಸಂಕಟವನ್ನು ಅವರ ಮುಖದಲ್ಲಿ ಕಂಡೆ.

ಕ್ರಮೇಣ ನಿಲಯಗಳು ಒಂದೊಂದಾಗಿ ಮೌನವಾದವು. ರೇಡಿಯೊ ಆಸ್ಟ್ರೇಲಿಯಾದ ಕಿರುತರಂಗವು 2017ರ ಜನವರಿ 31ರಂದು ನಿಂತಿತು. ಅಷ್ಟರಲ್ಲಿ ಅವರ ಕಿವಿಯೂ ಮಂದವಾಗಿತ್ತು. 1940ರಲ್ಲಿ ಆರಂಭವಾಗಿದ್ದ ಬಿಬಿಸಿ ಹಿಂದಿ ಸೇವೆಯ ಕಿರುತರಂಗ ಪ್ರಸಾರದ ಕೊನೆಯ ದಿನ, 2020ರ ಜನವರಿ 31ರ ಸಂಜೆ, ನನ್ನನ್ನು ಕರೆಸಿದರು. ನಾನು ಕೇಳುತ್ತ ಬೆರಳುಗಳಲ್ಲಿ ಅಂಕ ತೋರಿಸಿದೆ: ಬಲ ನಾಲ್ಕು, ಗದ್ದಲಕ್ಕೆ ಎರಡು, ಏಕೆಂದರೆ ಸುತ್ತಲೂ ಎಲ್‌ಇಡಿ ದೀಪಗಳ ಕರಕರೆ. ಅವರು ನಡುಗುವ ಕೈಯಿಂದ ಬರೆದುಕೊಂಡರು. ಏನು ಬರೆದರೆಂದು ನಾನು ನೋಡಲಿಲ್ಲ.

ಎರಡು ವರ್ಷಗಳ ಮೇಲೆ ಅವರು ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ಅವರ ಮಗ ಆ ದಾಖಲೆ ಪುಸ್ತಕವನ್ನು ನನಗೆ ಕೊಟ್ಟನು. ನಲವತ್ತು ವರ್ಷಗಳ ಪುಟಗಳಲ್ಲಿ 'ಕೇಳಿದವರು' ಎಂಬ ಅಂಕಣದಲ್ಲಿ ಅವರ ಹೆಸರೊಂದೇ ಇದೆ. ಕೊನೆಯ ಸಾಲಿನಲ್ಲಿ ಮಾತ್ರ ಅಲ್ಲಿ ನನ್ನ ಹೆಸರಿದೆ. ಅಂಚಿನಲ್ಲಿ, ಅಂಕಣದ ಹೊರಗೆ, 'ಬರೆದವರು' ಎಂದು ಅವರ ಸಹಿ.